ಮೆದಕ್ಕಿನ ಗೋಪುರವೂ ಮಂಗಳೂರಿನ ಹೆಂಚೂ

ಹಸಿದವನಿಗೆ ಶುಭವನ್ನು ಹಾರೈಸಿ ಬರಿಗೈಯಲ್ಲಿ ಕಳುಹುವ ಭಕ್ತಿಯು ಭಕ್ತಿಯೇ ಅಲ್ಲವೆಂಬುದು ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆಯ ತಾತ್ಪರ್ಯ. ಕಾಯಕಕ್ಕೆ ಪೂಜೆಯ ಸ್ಥಾನವನ್ನಿತ್ತ ಶರಣರ ನಾಡಿನವರಿಗೆ ಈ ವಿಚಾರ ಅಪರಿಚಿತವಲ್ಲ. ಆದರೆ ಹಸಿದವನಿಗೆ ಕೊಡತಕ್ಕದ್ದು ಅನ್ನವನ್ನೋ, ಅನ್ನವನ್ನು ಗಳಿಸುವ ಕೆಲಸವನ್ನೋ? ಕ್ರೈಸ್ತ ಮಿಷನರಿಗಳು ಈ ಪ್ರಶ್ನೆಗೆ ಕಂಡುಕೊಂಡ ಎರಡು ಉತ್ತರಗಳಲ್ಲಿ ಒಂದು ಹೈದರಾಬಾದಿನ ನೆರೆಯದು, ಇನ್ನೊಂದು ಕನ್ನಡ ಕರಾವಳಿಯದು. ಅವುಗಳನ್ನು ಹೋಲಿಸಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ.

ಹೈದರಾಬಾದಿನ ಉತ್ತರಕ್ಕೆ ಸುಮಾರು 100 ಕಿಲೋಮೀಟರು ದೂರದಲ್ಲಿ ಮೆದಕ್ ಪಟ್ಟಣವಿದೆ. ವೆಸ್ಲಿಯನ್ ಮೆಥಡಿಸ್ಟ್ ಪಂಥದ ಚಾರ್ಲ್ಸ್ ವಾಕರ್ ಪಾಸ್ನೆಟ್ ಎಂಬವರು 1895ರಲ್ಲಿ ಸಿಕಂದರಾಬಾದಿಗೆ ಬಂದು, ಅನತಿಕಾಲದಲ್ಲಿಯೇ ದಂಡಿನ ಪ್ರದೇಶವನ್ನು ಬಿಟ್ಟು ಮೆದಕ್ಕಿನಲ್ಲಿ ನೆಲಸಿದರು. ಅಲ್ಲಿಯ ಪ್ರಧಾನ ದೇವಾಲಯದ ನಿರ್ಮಾಣವು 1914ರಲ್ಲಿ ಆರಂಭವಾಗಿ, 1924ರ ಡಿಸೆಂಬರ್ 25ರಂದು ಅದರ ಪ್ರತಿಷ್ಠೆ ನಡೆಯಿತು. ಗೋಪುರದ ಎತ್ತರ ಸುಮಾರು 175 ಅಡಿ. ಇದೇ ದಶಕದಲ್ಲಿ ಮಹಾಯುದ್ಧವೂ, 1918ರ ಅನಾವೃಷ್ಟಿಯೂ, ಅದರ ಬೆನ್ನಿಗೇ ಇನ್‌ಫ್ಲುಯೆಂಜಾ ಪಿಡುಗೂ ದೇಶವನ್ನು ಕಾಡಿದುವು. ಕ್ಷಾಮದಿಂದ ನೊಂದ ಹಳ್ಳಿಗರಿಗೆ ಈ ಕಟ್ಟಡದಲ್ಲಿ ಕೆಲಸವನ್ನಿತ್ತು ಕೂಲಿಯಾಗಿ ಅನ್ನವನ್ನು ಒದಗಿಸಿದರೆಂದು ಪರಂಪರೆಯಾಗಿ ಹೇಳುತ್ತ ಬಂದಿದ್ದಾರೆ.

ಕ್ಷಾಮಕಾಲದಲ್ಲಿ ಗೋಪುರವೇಕೆ ಎಂಬ ಆಕ್ಷೇಪ ಸಹಜವಾದುದು. ಆದರೆ 1784ರ ಕ್ಷಾಮದಲ್ಲಿ ನವಾಬ ಆಸಫ್‌ಉದ್ದೌಲನು ಲಖನೌವಿನ ದೊಡ್ಡ ಇಮಾಂಬಾಡವನ್ನು ಇದೇ ರೀತಿಯಲ್ಲಿ ಕಟ್ಟಿಸಿದನೆಂಬ ಪ್ರತೀತಿಯುಂಟು. 1880ರ ಕ್ಷಾಮ ಆಯೋಗವೂ ದುಡಿಯಬಲ್ಲವರಿಗೆ ಕೂಲಿಯ ಮೂಲಕವೇ ನೆರವು ಸಲ್ಲಬೇಕೆಂದು ಸೂಚಿಸಿತು. ಭಿಕ್ಷೆ ಪಡೆದವನು ದಾತೃವಿಗೆ ಋಣಿ. ಕೂಲಿ ಪಡೆದವನ ಲೆಕ್ಕ ಆ ಸಂಜೆಗೇ ಚುಕ್ತಾ. ಮೆದಕ್ಕಿನ ಉತ್ತರದ ಹಿರಿಮೆ ಇದು. ಕಟ್ಟಡ ಮುಗಿದೊಡನೆ ಕೂಲಿಯೂ ಮುಗಿಯುವುದು ಅದರ ಮಿತಿ.

ಈ ಮಿತಿಯನ್ನು ದಾಟುವ ಪ್ರಯತ್ನವು ಮಂಗಳೂರಿನಲ್ಲಿ ಇದಕ್ಕೂ ಮೊದಲೇ ನಡೆದಿತ್ತು. ಬಾಸೆಲ್ ಮಿಷನ್ನಿನವರು ಅಲ್ಲಿಗೆ ಬಂದುದು 1834ರಲ್ಲಿ. ಕ್ರೈಸ್ತಮತವನ್ನು ಸೇರಿದವನಿಗೆ ಕುಲದ ಆಸರೆಯೂ, ಅನೇಕ ವೇಳೆ ಕುಲವೃತ್ತಿಯೂ ತಪ್ಪುತ್ತಿದ್ದುವು. 1850ರ 21ನೆಯ ಕಾಯಿದೆಯು ಮತಾಂತರದಿಂದ ಆಸ್ತಿಯ ಹಕ್ಕು ನಷ್ಟವಾಗದಂತೆ ತಡೆಯಿತು. ಆದರೆ ಆಸ್ತಿಯೇ ಇಲ್ಲದವನಿಗೆ ಅದರಿಂದ ಪ್ರಯೋಜನವೇನು? ಆದುದರಿಂದ ಉದ್ಯೋಗವನ್ನು ಸೃಷ್ಟಿಸುವುದು ಧರ್ಮಕಾರ್ಯದ ಅಂಗವೇ ಆಯಿತು. 1851ರಲ್ಲಿ ಹಾಲರ್ ಎಂಬವರು ನೇಯ್ಗೆಯ ಕಾರ್ಖಾನೆಯನ್ನು ಸುಧಾರಿಸಿದರು; 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಇಲ್ಲಿ ಕೆಲಸವು ಕ್ಷಾಮದೊಡನೆ ಹುಟ್ಟಿ ಕ್ಷಾಮದೊಡನೆ ಅಳಿಯತಕ್ಕದ್ದಾಗಿರಲಿಲ್ಲ. ನದಿಯ ಜೇಡಿಮಣ್ಣು, ಕೈಯ ಕೌಶಲ, ದೂರದ ಮಾರುಕಟ್ಟೆ ಇವು ಮೂರೂ ಕೂಡಿ ದಿನದಿನದ ಜೀವನೋಪಾಯವಾದುವು.

ಆದರೂ ಈ ಉತ್ತರದಲ್ಲಿಯೂ ಒಂದು ತೊಡಕುಂಟು. ಕೂಲಿ ಕೊಡುವ ಕೈ ಮತ್ತು ದೀಕ್ಷೆ ಕೊಡುವ ಕೈ ಒಂದೇ ಆದಾಗ, ಕೆಲಸಗಾರನ ಶ್ರದ್ಧೆ ಯಾವುದು, ಉದ್ಯೋಗದ ಭಯ ಯಾವುದು ಎಂದು ವಿಂಗಡಿಸುವುದು ಸುಲಭವಲ್ಲ. ಭಿಕ್ಷೆಯ ಋಣವನ್ನು ತಪ್ಪಿಸಹೋಗಿ ನೌಕರಿಯ ಋಣವನ್ನು ಹೊರಿಸಿದಂತಾಗುವ ಅಪಾಯವಿದು. ಮೊದಲನೆಯ ಮಹಾಯುದ್ಧದ ನಿಮಿತ್ತ ಬ್ರಿಟಿಷ್ ಸರಕಾರವು ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಾಗ ಈ ಎರಡು ಕೈಗಳೂ ಬೇರಾದುವು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದುವು. ಆ ವೇಳೆಗೆ ಹೆಂಚಿನ ವಿದ್ಯೆಯನ್ನು ಕಲಿತ ಸ್ಥಳೀಯ ಉದ್ಯಮಿಗಳ ಕಾರ್ಖಾನೆಗಳೂ ತಲೆಯೆತ್ತಿದ್ದುವು.

ಮೆದಕ್ಕಿನ ದೇವಾಲಯವು ಇಂದು ದಕ್ಷಿಣ ಭಾರತ ಸಭೆಯ ಮೆದಕ್ ಧರ್ಮಪ್ರಾಂತದ ಕೇಂದ್ರವಾಗಿದೆ; ಅಲ್ಲಿಯ ಕಲ್ಲು ಪ್ರಾರ್ಥನೆಗೆ ಬಂದವರಿಗೆ ನೆರಳಾಗಿದೆ. ಮಂಗಳೂರಿನ ಹೆಂಚಾದರೋ ದೇವಸ್ಥಾನ, ಮಸೀದಿ, ಶಾಲೆ, ಮನೆಗಳೆನ್ನದೆ ಎಲ್ಲ ಮಾಡುಗಳನ್ನೂ ಏರಿತು. ಸಂಕಟಕಾಲದಲ್ಲಿ ಪ್ರಾಣವನ್ನುಳಿಸುವ ಕೂಲಿಯೂ ಬೇಕು. ಸಂಕಟ ಕಳೆದ ಮೇಲೆ ಕೈಯಲ್ಲಿ ಉಳಿಯುವ ಕಸಬೂ ಬೇಕು. ಇವೆರಡರಲ್ಲಿ ಕಸಬನ್ನೇ ಹಿರಿದೆಂದು ನಾವು ಭಾವಿಸುತ್ತೇವೆ. ಏಕೆಂದರೆ ಕಲಿತವನು ಅದನ್ನು ಕಲಿಸಿದವರ ಅಂಗಳದಿಂದಾಚೆಗೂ ಕೊಂಡೊಯ್ಯಬಲ್ಲನು.