ಕಾಮಣಿಯ ಪಥ್ಯ, ನೆಲನೆಲ್ಲಿಯ ಚರಿತ್ರೆ

ಉಪ್ಪಿನಬೆಟಗೇರಿಯ ನಮ್ಮ ಮನೆಯಲ್ಲಿ ಕಾಮಣಿ ಬಂದವರಿಗೆ ಆಯಿ ಒಂದೇ ಔಷಧ ಕೊಡುತ್ತಿದ್ದಳು. ಹೊಲದ ಬದುವಿನ ನೆಲನೆಲ್ಲಿಯನ್ನು ಅರೆದು, ಮಜ್ಜಿಗೆಯಲ್ಲಿ ಕದಡಿ, ಮೂರು ದಿನ ಬರಿಹೊಟ್ಟೆಗೆ. ಎಣ್ಣೆ ಇಲ್ಲ, ಖಾರ ಇಲ್ಲ. ‘ರಕ್ತ ಕೆಟ್ಟದ, ತೊಳೀಬೇಕು’ ಎನ್ನುತ್ತಿದ್ದಳು. ಎಂಟನೇ ಇಯತ್ತೆಯಲ್ಲಿದ್ದಾಗ ನನಗೆ ಗುಣವಾಯಿತು. ಅದೇ ಔಷಧ ಕುಡಿದ ಕಾಕಾ ಉಳಿಯಲಿಲ್ಲ. ಸಂಶೋಧನೆಗೆಂದು ಹಳೆಯ ವೈದ್ಯಗ್ರಂಥಗಳನ್ನು ಓದುವಾಗಲೆಲ್ಲ ಈ ಎರಡೂ ನೆನಪಾಗುತ್ತವೆ.

ಕಾಮಣಿಗೂ ರಕ್ತಕ್ಕೂ ನಂಟು ಕಂಡವಳು ಆಯಿ ಒಬ್ಬಳೇ ಅಲ್ಲ. ಚರಕಸಂಹಿತೆ ಕಾಮಲೆಯನ್ನು ಪಾಂಡುರೋಗದ ಅಧ್ಯಾಯದಲ್ಲೇ ಇಟ್ಟಿದೆ. ಪಾಂಡು ಎಂದರೆ ಬಿಳಿಚಿಕೊಂಡ ಮೈ. ಅಂಥ ರೋಗಿ ಪಿತ್ತ ಕೆರಳಿಸುವುದನ್ನೇ ತಿನ್ನುತ್ತಿದ್ದರೆ ಕಾಮಲೆಯಾಗುತ್ತದೆ ಎನ್ನುತ್ತದೆ. ಅಲ್ಲಿನ ಮದ್ದುಗಳಲ್ಲಿ ಕಬ್ಬಿಣವಿದೆ, ನೆಲ್ಲಿಕಾಯಿ ಸೇರಿದ ತ್ರಿಫಲವಿದೆ.

ಇಂದಿನ ವಿವರಣೆ ಬೇರೆ. ಹಳತಾದ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಹಳದಿ ಬಿಲಿರುಬಿನ್ ಅನ್ನು ಯಕೃತ್ತು ಹೊರಹಾಕಬೇಕು. ಅದು ಸೋತರೆ ಕಣ್ಣು ಹಳದಿಯಾಗುತ್ತದೆ. ಯಕೃತ್ತು ತೀರಾ ಹಾಳಾದರೆ ಕೆಲವರಲ್ಲಿ ರಕ್ತಕಣದ ಪೊರೆಯೇ ಏರುಪೇರಾಗಿ ಕಣಗಳು ಬೇಗ ಒಡೆಯುತ್ತವೆ. ಆ ಪೊರೆಯನ್ನು ಕಾಯುವ ಆಂಟಿಆಕ್ಸಿಡೆಂಟ್‌ಗಳಲ್ಲಿ ಮುಖ್ಯವಾದದ್ದು ವಿಟಮಿನ್ ಇ. ಅದು ನಮ್ಮ ಕುಸುಬಿ ಎಣ್ಣೆಯಲ್ಲಿ, ಶೇಂಗಾದಲ್ಲಿ ಇದೆ. ಆಯಿಯ ಪಥ್ಯ ಮೊದಲು ದೂರವಿಟ್ಟಿದ್ದೂ ಎಣ್ಣೆಯನ್ನೇ! 2010ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಕುಡಿತದಿಂದಲ್ಲದೆ ಕೊಬ್ಬು ತುಂಬಿ ಉರಿಯೂತವಾದ ಯಕೃತ್ತಿನ ರೋಗಿಗಳ ಪೈಕಿ ವಿಟಮಿನ್ ಇ ಪಡೆದ ಶೇ. 43 ಮಂದಿ ಸುಧಾರಿಸಿದರು. ಹುಸಿಗುಳಿಗೆ ಪಡೆದವರಲ್ಲಿ ಶೇ. 19. ಅದು ವೈದ್ಯರು ಅಳೆದು ಕೊಟ್ಟ ಪ್ರಮಾಣ, ಊಟದ ಮಾತಲ್ಲ.

ನೆಲನೆಲ್ಲಿಗೂ ಒಂದು ಪರೀಕ್ಷೆ ನಡೆಯಿತು. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ನಲ್ಲಿ ಬರೆದರು: ಹೆಪಟೈಟಿಸ್ ಬಿ ಹೊತ್ತವರಲ್ಲಿ ಈ ಗಿಡದ ಪುಡಿ ತಿಂದ 37 ಮಂದಿಯ ಪೈಕಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮರೆಯಾಯಿತು. ಆ ಗುರುತನ್ನು ಕಂಡುಹಿಡಿದು ನೊಬೆಲ್ ಪಡೆದ ಬ್ಲೂಮ್‌ಬರ್ಗ್ ಕೂಡ ಲೇಖಕರಲ್ಲೊಬ್ಬರು. ಆಸೆ ಹುಟ್ಟಿತು. ಆದರೆ ಮುಂದೆ ಬೇರೆಡೆ ನಡೆದ ಪ್ರಯೋಗಗಳಲ್ಲಿ ಆ ಫಲಿತಾಂಶ ಮರುಕಳಿಸಲಿಲ್ಲ.

ನೀರಿನಿಂದ ಹರಡುವ ಹೆಪಟೈಟಿಸ್ ಎ ಬಹುತೇಕ ಮಕ್ಕಳಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ನನ್ನದೂ ಅದೇ ಇರಬೇಕು. ಹೆಸರು ನೆಲನೆಲ್ಲಿಗೆ ಬಂತು. ಕಾಕಾನದು ವರ್ಷಗಟ್ಟಲೆ ಕುಡಿತದಿಂದ ಸೋತ ಯಕೃತ್ತು. ಹಳದಿ ಒಂದೇ, ರೋಗ ಬೇರೆ. ನನ್ನನ್ನು ಉಳಿಸಿದ ಔಷಧವೆಂಬ ನಂಬಿಕೆಯಲ್ಲೇ ಆತನ ಎರಡು ತಿಂಗಳು ಕಳೆದುಹೋದವು.

ಹೋದ ವರ್ಷ ಓಣಿಯ ಹುಡುಗನೊಬ್ಬನ ಕಣ್ಣು ಹಳದಿಯಾದಾಗ, ಅವರವ್ವ ನೆಲನೆಲ್ಲಿ ಕೇಳಲು ನಮ್ಮ ಮನೆಗೆ ಬಂದಳು. ನಮ್ಮವ್ವ ಅಂದಳು: ‘ಕೊಡ್ತೇನಿ ತಂಗಿ, ಮೊದಲ ರಕ್ತಾ ತಪಾಸಣಿ ಮಾಡಿಸ್ಕೊಂಡು ಬಾ.’