ಅಂಗಡಿಗೆ ಹೊಸ ಕೆಲಸಗಾರರು ಬೇಕಾ? ಸೇರಿಸಿಕೊಳ್ಳುವ ಮೊದಲು ಈ ವಿಷಯಗಳು ಗೊತ್ತಿರಲಿ

ಶಿವಮೊಗ್ಗ: ಗಾಂಧಿ ಬಜಾರ್‌ ಇರಲಿ, ಸಾಗರ, ಶಿಕಾರಿಪುರ, ಸೊರಬದ ಪೇಟೆ ಬೀದಿ ಇರಲಿ, ಅಂಗಡಿ ಗಾಜಿನ ಮೇಲೆ ‘ಕೆಲಸಕ್ಕೆ ಹುಡುಗರು ಬೇಕಾಗಿದ್ದಾರೆ’ ಅನ್ನುವ ಚೀಟಿ ಈಗ ಮಾಮೂಲು. ಅಡಿಕೆ ಕೊಯ್ಲು ಶುರುವಾಯ್ತು ಅಂದರೆ ಜನ ಸಿಗುವುದು ಇನ್ನೂ ಕಷ್ಟ. ಹಾಗಾಗಿ ಯಾರಾದರೂ ಬಂದು ಕೇಳಿದ ಕೂಡಲೇ ‘ನಾಳೆಯಿಂದ ಬಾರಪ್ಪ’ ಅಂದುಬಿಡುತ್ತೇವೆ. ಸಂಬಳ ಎಷ್ಟು, ರಜೆ ಯಾವತ್ತು, ಬಿಡುವಾಗ ಲೆಕ್ಕ ಹೇಗೆ ಅನ್ನುವುದು ಬಾಯಿಮಾತಿನಲ್ಲೇ ಉಳಿಯುತ್ತದೆ. ಮುಂದೆ ಜಗಳ ಆಗುವುದು ಇದೇ ಜಾಗದಲ್ಲಿ. ಒಬ್ಬರೇ ಕೆಲಸಗಾರರಿರುವ ದಿನಸಿ ಅಂಗಡಿಗೂ ಅನ್ವಯಿಸುವ ಮುಖ್ಯ ನಿಯಮಗಳು ಇಲ್ಲಿವೆ.

ಮೊದಲು ಅಂಗಡಿಯ ನೋಂದಣಿ

ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ಅಂಗಡಿ ಶುರು ಮಾಡಿದ 30 ದಿನದೊಳಗೆ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ನಗರಸಭೆ, ಪಟ್ಟಣ ಪಂಚಾಯಿತಿ ಕೊಡುವ ಟ್ರೇಡ್ ಲೈಸೆನ್ಸ್ ಬೇರೆ, ಇದು ಬೇರೆ. ಲೈಸೆನ್ಸ್ ಇದೆ, ಜಿಎಸ್‌ಟಿ ನಂಬರ್ ಇದೆ, ಅಷ್ಟು ಸಾಕು ಅಂದುಕೊಂಡವರು ಬಹಳ ಜನ. ಅರ್ಜಿಯನ್ನು ಇಲಾಖೆಯ ಪೋರ್ಟಲ್‌ನಲ್ಲಿ ಹಾಕಬಹುದು. ಗೊತ್ತಾಗದಿದ್ದರೆ ತಾಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕೇಳಿ.

ವಯಸ್ಸು ನೋಡದೆ ಸೇರಿಸಿಕೊಳ್ಳಬೇಡಿ

14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರೊಳಗಿನವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ. ‘ಅವರಪ್ಪನೇ ಬಂದು ಬಿಟ್ಟು ಹೋದ’, ‘ರಜೆಯಲ್ಲಿ ಮಾತ್ರ ಬರ್ತಾನೆ’ ಅನ್ನುವ ಮಾತು ತಪಾಸಣೆಯಲ್ಲಿ ನಡೆಯುವುದಿಲ್ಲ. ತಪ್ಪು ಸಾಬೀತಾದರೆ ಮಾಲೀಕರಿಗೆ 6 ತಿಂಗಳಿಂದ 2 ವರ್ಷದವರೆಗೆ ಜೈಲು, ಇಲ್ಲವೇ 20 ಸಾವಿರದಿಂದ 50 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. 18 ತುಂಬಿದವರನ್ನೇ ತೆಗೆದುಕೊಳ್ಳುವುದು ಕ್ಷೇಮ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹುಟ್ಟಿದ ದಿನಾಂಕ ನೋಡಿಕೊಳ್ಳಿ.

ಇನ್ನೊಂದು ಮಾತು. ಮನೆಗೆ ಸಾಮಾನು ಮುಟ್ಟಿಸಿ ಬಾ ಅಂತ ಅಂಗಡಿಯ ಸ್ಕೂಟರ್‌ ಕೀ ಕೊಡುವ ಮೊದಲು ಡ್ರೈವಿಂಗ್ ಲೈಸೆನ್ಸ್ ಕೇಳಿ. 18 ತುಂಬದವರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಗಾಡಿ ಮಾಲೀಕರಿಗೆ 25 ಸಾವಿರ ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಶಿಕ್ಷೆಗೆ ಮೋಟಾರು ವಾಹನ ಕಾಯ್ದೆಯಲ್ಲಿ ಅವಕಾಶ ಇದೆ.

ದಾಖಲೆಯ ಜೆರಾಕ್ಸ್ ಸಾಕು, ಒರಿಜಿನಲ್ ಬೇಡ

ಆಧಾರ್, ಬ್ಯಾಂಕ್ ಪಾಸ್‌ಬುಕ್, ಒಂದು ಫೋಟೊ, ಮನೆಯವರ ಫೋನ್ ನಂಬರ್. ಇಷ್ಟು ತೆಗೆದುಕೊಳ್ಳಿ. ಹಿಂದೆ ಕೆಲಸ ಮಾಡಿದ ಅಂಗಡಿಗೆ ಒಂದು ಫೋನ್ ಮಾಡಿ ವಿಚಾರಿಸಿದರೆ ತಪ್ಪಿಲ್ಲ. ಆದರೆ ‘ಬಿಟ್ಟು ಓಡಿ ಹೋಗಬಾರದು’ ಅಂತ ಅಂಕಪಟ್ಟಿ, ಆಧಾರ್‌ನ ಮೂಲ ಪ್ರತಿ ಇಟ್ಟುಕೊಳ್ಳಬೇಡಿ. ಎರಡು ಮೂರು ದಿನ ಕೆಲಸ ನೋಡಿ ಆಮೇಲೆ ಹೇಳುತ್ತೇನೆ ಅನ್ನುವುದಾದರೆ, ನೋಡಿದ ಆ ದಿನಗಳಿಗೂ ಕೂಲಿ ಕೊಡಬೇಕು.

ನೇಮಕಾತಿ ಪತ್ರ: ಒಂದು ಹಾಳೆ ಸಾಕು

ಸೇರಿದ 30 ದಿನದೊಳಗೆ ನೇಮಕಾತಿ ಪತ್ರ ಕೊಡಬೇಕು ಅಂತ ಅಂಗಡಿ ಕಾಯ್ದೆಯೇ ಹೇಳುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳೂ ನೇಮಕಾತಿ ಪತ್ರಕ್ಕೆ ಒತ್ತು ಕೊಟ್ಟಿವೆ. ವಕೀಲರ ಹತ್ತಿರ ಹೋಗಬೇಕಾಗಿಲ್ಲ. ಕನ್ನಡದಲ್ಲೇ ಹೀಗೆ ಬರೆದರೆ ಸಾಕು:

- ಕೆಲಸಗಾರರ ಹೆಸರು, ವಿಳಾಸ, ಹುಟ್ಟಿದ ದಿನಾಂಕ
- ಸೇರಿದ ದಿನ, ಮಾಡಬೇಕಾದ ಕೆಲಸ
- ತಿಂಗಳ ಸಂಬಳ, ಕೊಡುವ ತಾರೀಖು
- ಕೆಲಸದ ಸಮಯ, ಊಟದ ವಿರಾಮ, ವಾರದ ರಜೆ
- ಊಟ, ಬಸ್ ಚಾರ್ಜು, ಬಟ್ಟೆ ಕೊಡುವುದಿದ್ದರೆ ಅದರ ವಿವರ
- ಬಿಡುವುದಾದರೆ ಎಷ್ಟು ದಿನ ಮುಂಚೆ ಹೇಳಬೇಕು

ಎರಡು ಪ್ರತಿ ಮಾಡಿ, ಇಬ್ಬರೂ ಸಹಿ ಹಾಕಿ, ಒಂದನ್ನು ಅವರಿಗೆ ಕೊಡಿ. ಓದಲು ಬಾರದವರಾದರೆ ಅವರ ಮನೆಯವರ ಎದುರು ಓದಿ ಹೇಳಿ.

ಸಂಬಳ ಎಷ್ಟು ಕೊಡಬೇಕು?

‘ಪಕ್ಕದ ಅಂಗಡಿಯವರು ಕೊಡುವಷ್ಟು’ ಅನ್ನುವುದು ಲೆಕ್ಕವಲ್ಲ. ಅಂಗಡಿ ಕೆಲಸಕ್ಕೆ ರಾಜ್ಯ ಸರ್ಕಾರ ಕನಿಷ್ಠ ವೇತನ ನಿಗದಿ ಮಾಡಿದೆ. ಊರಿನ ವಲಯ, ಕೆಲಸದ ಕೌಶಲದ ಮೇಲೆ ಅದು ಬದಲಾಗುತ್ತದೆ. ಜೊತೆಗೆ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಪರಿಷ್ಕರಣೆ ಆಗುತ್ತದೆ. ಹಾಗಾಗಿ ಹೋದ ವರ್ಷದ ಅಂಕಿ ಹಿಡಿದು ಕೂರಬೇಡಿ, ಈ ವರ್ಷದ ದರವನ್ನು ಕಾರ್ಮಿಕ ಕಚೇರಿಯಲ್ಲಿ ಕೇಳಿ ಪಡೆಯಿರಿ. ಒಂದೇ ಕೆಲಸಕ್ಕೆ ಗಂಡಸರಿಗೆ ಒಂದು, ಹೆಂಗಸರಿಗೆ ಒಂದು ಸಂಬಳ ಕೊಡುವಂತಿಲ್ಲ.

ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು. ಕೆಲಸ ಬಿಟ್ಟರೂ, ನೀವೇ ಬಿಡಿಸಿದರೂ ಎರಡು ಕೆಲಸದ ದಿನದೊಳಗೆ ಬಾಕಿ ಚುಕ್ತಾ ಆಗಬೇಕು. ಬ್ಯಾಂಕ್ ಖಾತೆಗೋ ಫೋನ್‌ಪೇಗೋ ಹಾಕಿದರೆ ದಾಖಲೆ ತಾನಾಗಿ ಉಳಿಯುತ್ತದೆ. ಕೈಗೆ ಕೊಡುವುದಾದರೆ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ.

ಸಮಯ, ರಜೆ, ಓವರ್‌ಟೈಮ್

ಅಂಗಡಿ ಕಾಯ್ದೆ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಸತತ 5 ಗಂಟೆ ದುಡಿದ ಮೇಲೆ ಕನಿಷ್ಠ 1 ಗಂಟೆ ಬಿಡುವು. ವಾರಕ್ಕೆ ಒಂದು ದಿನ ರಜೆ, ಅದಕ್ಕೆ ಸಂಬಳ ಹಿಡಿಯುವಂತಿಲ್ಲ. ದುಡಿದ ಪ್ರತಿ 20 ದಿನಕ್ಕೆ ಒಂದು ದಿನದಂತೆ ಗಳಿಕೆ ರಜೆ, ವರ್ಷಕ್ಕೆ 12 ದಿನ ಕಾಯಿಲೆ ಇತ್ಯಾದಿಗೆ ರಜೆ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಸಂಬಳ ಸಹಿತ ರಜಾ ದಿನಗಳು.

ದೀಪಾವಳಿ, ಮದುವೆ ಸೀಸನ್‌ನಲ್ಲಿ ಹೆಚ್ಚು ಹೊತ್ತು ನಿಲ್ಲಿಸಿಕೊಂಡರೆ ಆ ಗಂಟೆಗಳಿಗೆ ಎರಡು ಪಟ್ಟು ಲೆಕ್ಕ. ಉದಾಹರಣೆಗೆ ತಿಂಗಳ ಸಂಬಳ 15,600 ರೂಪಾಯಿ ಅಂದುಕೊಳ್ಳಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 600. ದಿನಕ್ಕೆ 8 ಗಂಟೆಯಂತೆ ಗಂಟೆಗೆ 75. ಓವರ್‌ಟೈಮ್ ಗಂಟೆಗೆ 150 ರೂಪಾಯಿ. ಒಂದು ವಾರ ದಿನಾ 1 ಗಂಟೆ ಹೆಚ್ಚಿಗೆ ನಿಂತರೆ 6 ದಿನಕ್ಕೆ 900 ರೂಪಾಯಿ. ‘ಹಬ್ಬಕ್ಕೆ ಬಟ್ಟೆ ಕೊಡಿಸ್ತೀವಲ್ಲ’ ಅನ್ನುವುದು ಇದಕ್ಕೆ ಬದಲಿ ಆಗುವುದಿಲ್ಲ.

ಗಲ್ಲಾದಲ್ಲಿ ದುಡ್ಡು ಕಮ್ಮಿ ಬಂದರೆ?

ಹೆಚ್ಚು ಮನಸ್ತಾಪ ಆಗುವುದು ಇಲ್ಲೇ. ರಾತ್ರಿ ಲೆಕ್ಕ ಹಾಕುವಾಗ 500 ರೂಪಾಯಿ ಕಮ್ಮಿ ಬಂತು ಅಂತ ಅಲ್ಲಿದ್ದ ಎಲ್ಲರ ಸಂಬಳದಲ್ಲೂ ಹಿಡಿಯುವುದು ತಪ್ಪು. ಆ ಹಣ ಅಥವಾ ಸಾಮಾನು ಒಬ್ಬರ ಸುಪರ್ದಿಗೆ ಕೊಟ್ಟಿರಬೇಕು, ಅವರ ಅಜಾಗರೂಕತೆಯಿಂದಲೇ ನಷ್ಟ ಆಗಿರಬೇಕು, ಅವರಿಗೆ ಉತ್ತರ ಹೇಳಲು ಅವಕಾಶ ಕೊಟ್ಟಿರಬೇಕು. ಆಮೇಲಷ್ಟೇ ಕಡಿತದ ಮಾತು. ಏನೇ ಕಾರಣಕ್ಕೆ ಹಿಡಿದರೂ ಒಟ್ಟು ಕಡಿತ ಸಂಬಳದ ಅರ್ಧ ಮೀರುವಂತಿಲ್ಲ. ದಿನಾ ಬಾಗಿಲು ಹಾಕುವ ಮೊದಲು ಇಬ್ಬರೂ ಕೂತು ಗಲ್ಲಾ ಎಣಿಸಿ ಪುಸ್ತಕಕ್ಕೆ ಸಹಿ ಹಾಕುವ ರೂಢಿ ಇದ್ದರೆ ಅರ್ಧ ಅನುಮಾನ ಅಲ್ಲೇ ಕಳೆಯುತ್ತದೆ.

ಅಡ್ವಾನ್ಸ್ ಕೊಡುವಾಗ ಎಚ್ಚರ

ಮಗಳ ಮದುವೆ, ಆಸ್ಪತ್ರೆ ಖರ್ಚು ಅಂತ ಕೆಲಸಗಾರರು ಸಾಲ ಕೇಳುತ್ತಾರೆ, ಕೊಡುತ್ತೇವೆ. ಕೊಡುವುದು ತಪ್ಪಲ್ಲ. ‘ಸಾಲ ತೀರೋವರೆಗೂ ಬೇರೆ ಕಡೆ ಹೋಗಂಗಿಲ್ಲ’ ಅಂತ ಕಟ್ಟಿ ಹಾಕಿದರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ. ಎಷ್ಟು ಕೊಟ್ಟಿರಿ, ತಿಂಗಳಿಗೆ ಎಷ್ಟು ಹಿಡಿಯುತ್ತೀರಿ ಅಂತ ಬರೆದಿಟ್ಟು, ಕೆಲಸ ಬಿಟ್ಟರೆ ಉಳಿದ ಹಣ ಹೇಗೆ ವಾಪಸ್ ಅಂತ ಮೊದಲೇ ಮಾತಾಡಿಕೊಳ್ಳಿ.

ಇಎಸ್‌ಐ, ಪಿಎಫ್ ಯಾರಿಗೆ?

10 ಮತ್ತು ಹೆಚ್ಚು ಜನ ಇದ್ದರೆ ಇಎಸ್‌ಐ. ತಿಂಗಳಿಗೆ 21 ಸಾವಿರದವರೆಗೆ ಸಂಬಳ ಇರುವವರು ಇದರ ವ್ಯಾಪ್ತಿಗೆ ಬರುತ್ತಾರೆ. ಮಾಲೀಕರ ಪಾಲು ಶೇ 3.25, ಕೆಲಸಗಾರರದ್ದು ಶೇ 0.75. 20 ಮತ್ತು ಹೆಚ್ಚು ಜನ ಇದ್ದರೆ ಪಿಎಫ್.

ಅಷ್ಟು ಜನ ಇಲ್ಲದ ಸಣ್ಣ ಅಂಗಡಿಯವರು ಕೈಚೆಲ್ಲಿ ಕೂರಬೇಕಾಗಿಲ್ಲ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವಾದರೆ 2 ಲಕ್ಷ. ಜೀವನ ಜ್ಯೋತಿ ಬಿಮಾಕ್ಕೆ ವರ್ಷಕ್ಕೆ 436 ರೂಪಾಯಿ, ಯಾವುದೇ ಕಾರಣದಿಂದ ಸಾವಾದರೂ 2 ಲಕ್ಷ. ಎರಡೂ ಸೇರಿ ಒಬ್ಬರಿಗೆ ವರ್ಷಕ್ಕೆ 456 ರೂಪಾಯಿ. ಬ್ಯಾಂಕಿನಲ್ಲಿ ಒಂದು ಫಾರಂ ತುಂಬಿಸಿ, ಪ್ರೀಮಿಯಂ ನೀವೇ ಕಟ್ಟಿದರೆ ಅವರ ಮನೆಗೊಂದು ಆಸರೆ. ಇ-ಶ್ರಮ್ ಕಾರ್ಡ್ ಮಾಡಿಸಿಕೊಳ್ಳಲೂ ಹೇಳಿ.

ಬಿಡಿಸುವಾಗ

ಸತತ 6 ತಿಂಗಳು ಕೆಲಸ ಮಾಡಿದವರನ್ನು ‘ನಾಳೆಯಿಂದ ಬರಬೇಡ’ ಅನ್ನುವಂತಿಲ್ಲ. ಸರಿಯಾದ ಕಾರಣ ಬೇಕು, ಒಂದು ತಿಂಗಳ ನೋಟಿಸ್ ಅಥವಾ ಆ ತಿಂಗಳ ಸಂಬಳ ಕೊಡಬೇಕು. ಕಳ್ಳತನದಂಥ ದುರ್ನಡತೆ ಇದ್ದರೆ ವಿಚಾರಣೆ ಮಾಡಿ, ಅವರ ಮಾತು ಕೇಳಿ, ಬರಹದಲ್ಲಿ ಇಡಿ.

ಇಷ್ಟೆಲ್ಲ ಓದಿ ‘ಇದೇನು ಇಷ್ಟೊಂದು ರಗಳೆ’ ಅನ್ನಿಸಬಹುದು. ನಿಜಕ್ಕೂ ಬೇಕಾಗಿರುವುದು ಒಂದು ಹಾಳೆ ನೇಮಕಾತಿ ಪತ್ರ, ಒಂದು ಹಾಜರಿ ಪುಸ್ತಕ, ಒಂದು ಸಂಬಳದ ಪುಸ್ತಕ. ನಾಳೆ ಮಾತಿಗೆ ಮಾತು ಬೆಳೆದರೆ ಮಾಲೀಕರನ್ನೂ ಕೆಲಸಗಾರರನ್ನೂ ಕಾಯುವುದು ಈ ಮೂರೇ. ಹೊಸಬರು ಸೇರುವ ದಿನವೇ ಮೂರರಲ್ಲೂ ಅವರ ಹೆಸರು ಬರೆಯಿರಿ.

ಅನುಮಾನ ಇದ್ದರೆ ಕಾರ್ಮಿಕ ಇಲಾಖೆ ಸಹಾಯವಾಣಿ 155214ಕ್ಕೆ ಕರೆ ಮಾಡಿ. ಮಕ್ಕಳನ್ನು ದುಡಿಸುತ್ತಿರುವುದು ಕಂಡರೆ 1098ಕ್ಕೆ ತಿಳಿಸಿ.