ಒಂದೇ ವರ್ಷದ ಬ್ಯಾಂಡು, ಒಂದೇ ಆಲ್ಬಮ್ಮು

ನಾಟಿ ಹಾಕುವಾಗ ನಮ್ಮಜ್ಜಿ ಆ ಹೊತ್ತಿಗೆ ತೋಚಿದ್ದನ್ನೆಲ್ಲ ಸೇರಿಸಿ ಪದ ಹೇಳೋರು. ಯಾರೂ ರೆಕಾರ್ಡ್ ಮಾಡಿಕೊಳ್ಳಲಿಲ್ಲ. ಅಜ್ಜಿ ಹೋದ್ರು, ಪದಗಳೂ ಹೋದವು. ಆಗಿಂದಾಗ್ಗೆ ಹುಟ್ಟೋ ಸಂಗೀತವನ್ನು ಹಿಡಿದಿಡಬೇಕಾ, ಬೇಡವಾ? ಈ ಪ್ರಶ್ನೆ ಬಂದಾಗೆಲ್ಲ ನಾನು ಕೇಳೋದು 1981ರ ಒಂದು ಆಲ್ಬಮ್, 'ಕಿಲ್ಲಿಂಗ್ ಟೈಮ್'.

ಫ್ರೆಡ್ ಫ್ರಿತ್ ಇಂಗ್ಲೆಂಡಿನ ಗಿಟಾರ್ ವಾದಕ. 1968ರಲ್ಲಿ ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗ ಟಿಮ್ ಹಾಜ್‌ಕಿನ್ಸನ್ ಜೊತೆ 'ಹೆನ್ರಿ ಕೌ' ಅನ್ನೋ ಬ್ಯಾಂಡ್ ಕಟ್ಟಿದವನು. ಅದು 1978ರಲ್ಲಿ ಮುಗಿಯಿತು. ಮರುವರ್ಷ ಫ್ರಿತ್ ನ್ಯೂಯಾರ್ಕಿಗೆ ಬಂದ. ಅಲ್ಲಿ ಬಾಸ್ ಗಿಟಾರಿನ ಬಿಲ್ ಲಾಸ್‌ವೆಲ್, ಡ್ರಮ್ಸಿನ ಫ್ರೆಡ್ ಮಾಹರ್ ಸಿಕ್ಕರು. 1980ರಲ್ಲಿ ಮೂವರೂ ಸೇರಿ ಮಾಡಿದ್ದು 'ಮ್ಯಾಸಕರ್'.

ಆಲ್ಬಮ್ಮಿನ ಒಂದಷ್ಟು ಭಾಗ ಪ್ಯಾರಿಸ್‌ನ ವೇದಿಕೆಯಲ್ಲಿ, ಉಳಿದದ್ದು ಬ್ರೂಕ್ಲಿನ್‌ನಲ್ಲಿ ಮಾರ್ಟಿನ್ ಬಿಸಿಯ ಸ್ಟುಡಿಯೋದಲ್ಲಿ ರೆಕಾರ್ಡ್ ಆಯಿತು. ಸೆಲ್ಯುಲಾಯ್ಡ್ ಕಂಪನಿ ಹೊರತಂದಿತು. ಹೆಚ್ಚಿನವು ಎರಡು-ಮೂರು ನಿಮಿಷದ ತುಣುಕುಗಳು. ಮೊದಲ ಸಲ ಕೇಳಿದಾಗ, ಓಡುತ್ತಿರೋ ಮಿಕ್ಸಿಯೊಳಗೆ ಚಮಚ ಬಿದ್ದ ಹಾಗೆ ಅನ್ನಿಸ್ತು, ಸುಳ್ಳು ಯಾಕೆ ಹೇಳಲಿ! ಮೂರನೇ ಸಲಕ್ಕೆ ಗೊತ್ತಾಯ್ತು, ಬಾಸ್ ಮತ್ತು ಡ್ರಮ್ಸ್ ಬಿಗಿಯಾಗಿ ಹಿಡಿದುಕೊಂಡಿವೆ, ಆ ಧೈರ್ಯದ ಮೇಲೆ ಗಿಟಾರ್ ಎಲ್ಲಿಗೆ ಬೇಕಾದರೂ ಹೋಗಿ ಬರ್ತಿದೆ. 'ಕಿಲ್ಲಿಂಗ್ ಟೈಮ್' ಅಂದ್ರೆ ಸುಮ್ನೆ ಹೊತ್ತು ಕಳೆಯೋದು. ಆದರೆ ಸಂಗೀತದಲ್ಲಿ ಟೈಮ್ ಅಂದ್ರೆ ಲಯ. ಇವರು ಅದನ್ನ ಮುರಿದು ಮುರಿದು ಜೋಡಿಸ್ತಾರೆ.

ಅದೇ ವರ್ಷ ಮಾಹರ್ ಬಿಟ್ಟ, ಬ್ಯಾಂಡ್ ನಿಂತಿತು. 1983ರಲ್ಲಿ ಹರ್ಬಿ ಹ್ಯಾನ್‌ಕಾಕ್‌ನ 'ರಾಕಿಟ್' ಹಿಂದೆ ಲಾಸ್‌ವೆಲ್ ಇದ್ದ. ಮುಂದೆ ನಮ್ಮ ಜಾಕಿರ್ ಹುಸೇನ್ ಜೊತೆ 'ತಬಲಾ ಬೀಟ್ ಸೈನ್ಸ್' ಕೂಡ ಮಾಡಿದ. 1998ರಲ್ಲಿ ಚಾರ್ಲ್ಸ್ ಹೇವರ್ಡ್ ಡ್ರಮ್ಸಿಗೆ ಬಂದು 'ಮ್ಯಾಸಕರ್' ಮತ್ತೆ ಎದ್ದಿತು. ಆದರೆ ಆ ಹೆಸರಿನಲ್ಲಿ ಮೊದಲಿನ ಮೂವರು ಮಾಡಿದ ಆಲ್ಬಮ್ ಇದೊಂದೇ.

ಆ ವರ್ಷ ಅವರು ನುಡಿಸಿದ್ದೆಲ್ಲ ಇದರಲ್ಲಿ ಇಲ್ಲ, ಇರೋಕೂ ಸಾಧ್ಯವಿಲ್ಲ. ಆದರೆ ಮೂರು ಜನ ಒಬ್ಬರನ್ನೊಬ್ಬರು ಹೇಗೆ ಕೇಳಿಸಿಕೊಳ್ಳುತ್ತಿದ್ದರು ಅನ್ನೋದು ಇವತ್ತಿಗೂ ತಿಳಿಯುತ್ತೆ. ಅಜ್ಜಿಯ ಎಲ್ಲಾ ಪದ ಬೇಡ, ಒಂದೇ ಒಂದು ಸಂಜೆಯದ್ದು ಇದ್ದಿದ್ರೂ ಸಾಕಿತ್ತು. ನಿಮ್ಮ ಮನೇಲಿ ಹಾಡೋರು ಇನ್ನೂ ಇದ್ದಾರಾ? ಫೋನು ಜೇಬಲ್ಲೇ ಇದೆಯಲ್ಲ.